ಬಣ್ಣ ಹೇಳುವ ಸಾಕ್ಷ್ಯ: ಚರ್ಮದ ಹಾರ್ಮೋನು ಕೋಶಗಳ ಗುರುತಿಸುವಿಕೆ ಮತ್ತು ಕನ್ನಡ ಪರಿಭಾಷೆ

೧. ಪ್ರವೇಶ

ಸಾಮಾನ್ಯವಾಗಿ ವಸ್ತುವನ್ನು ಮೊದಲು ಕಂಡು ಆಮೇಲೆ ಅದಕ್ಕೆ ಹೆಸರಿಡುವುದು ಲೋಕರೂಢಿ. ಅಂಗಾಂಶಶಾಸ್ತ್ರದಲ್ಲಿ ಈ ಎರಡರ ನಡುವೆ ಇನ್ನೊಂದು ಕ್ರಿಯೆ ಸೇರಿಕೊಳ್ಳುತ್ತದೆ. ಜೀವಕೋಶಗಳು ಬಹುಮಟ್ಟಿಗೆ ಪಾರದರ್ಶಕವಾದುದರಿಂದ, ಬಣ್ಣ ಹಿಡಿಸಿದ ಹೊರತು ಅವು ಸೂಕ್ಷ್ಮದರ್ಶಕದಡಿಯಲ್ಲಿ ಸ್ಪಷ್ಟವಾಗಿ ಕಾಣಿಸುವುದಿಲ್ಲ. ಯಾವ ಬಣ್ಣವನ್ನು ಹಿಡಿಸಲಾಯಿತು ಎಂಬುದರ ಮೇಲೆ ಏನು ಕಂಡಿತು ಎಂಬುದೂ, ಏನು ಕಂಡಿತು ಎಂಬುದರ ಮೇಲೆ ಯಾವ ಹೆಸರು ಬಂದಿತು ಎಂಬುದೂ ನಿಂತಿವೆ. ಈ ಕಾರಣದಿಂದ ಅಂಗಾಂಶಶಾಸ್ತ್ರದ ಪರಿಭಾಷೆ ಭಾಷೆಯ ವಿದ್ಯಾರ್ಥಿಗಳಿಗೂ ಉಪಯುಕ್ತವಾದ ಅಧ್ಯಯನ ವಸ್ತುವಾಗಿದೆ.

ಚರ್ಮದ ಅಂಗಾಂಶದಲ್ಲಿ ಹಾರ್ಮೋನನ್ನು ಅಥವಾ ಹಾರ್ಮೋನಿನಂತೆ ವರ್ತಿಸುವ ವಸ್ತುವನ್ನು ಸಣ್ಣ ಕಣಗಳ ರೂಪದಲ್ಲಿ ಕೂಡಿಟ್ಟುಕೊಳ್ಳುವ ಕೋಶಗಳನ್ನು ಬಣ್ಣದ ಮೂಲಕ ಗುರುತಿಸುವ ಕ್ರಮವನ್ನು ವಿವರಿಸುವುದು, ಆ ಕ್ರಮದಿಂದ ಹುಟ್ಟಿದ ಹೆಸರುಗಳನ್ನು ಕನ್ನಡಕ್ಕೆ ತರುವಾಗ ಎದುರಾಗುವ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಕೇವಲ ಪದಕೋಶದ ಪ್ರಶ್ನೆಯಲ್ಲ. ಇದೇ ಬಣ್ಣಗಳ ಆಧಾರದ ಮೇಲೆ ಕ್ಯಾನ್ಸರಿನ ನಿರ್ಣಯವಾಗುತ್ತದೆ. ಆ ನಿರ್ಣಯದ ಮಾತು ರೋಗಿಗೆ ತನ್ನ ಭಾಷೆಯಲ್ಲಿ ತಿಳಿಯುತ್ತದೆಯೇ ಎಂಬುದು ಬದುಕಿಗೆ ಸಂಬಂಧಿಸಿದ ವಿಷಯ.

೨. ಚರ್ಮದಲ್ಲಿ ಸರಕು ಕೂಡಿಡುವ ಕೋಶಗಳು

ಚರ್ಮದಲ್ಲಿ ಮುಖ್ಯವಾಗಿ ಹೊರಚರ್ಮ ಮತ್ತು ಒಳಚರ್ಮ ಎಂಬ ಎರಡು ಪದರಗಳಿವೆ. ಹೊರಚರ್ಮದ ತಳಪದರದಲ್ಲಿ, ವಿಶೇಷವಾಗಿ ಬೆರಳ ತುದಿ, ತುಟಿ ಮೊದಲಾದ ಸೂಕ್ಷ್ಮ ಸ್ಪರ್ಶದ ಸ್ಥಳಗಳಲ್ಲಿ, ನರದ ತುದಿಗೆ ಅಂಟಿಕೊಂಡಂತೆ ಕೆಲವು ಕೋಶಗಳು ಕಾಣಸಿಗುತ್ತವೆ. ಜರ್ಮನಿಯ ರೋಸ್ಟಾಕ್‌ನಲ್ಲಿ ಅಂಗರಚನಾಶಾಸ್ತ್ರಜ್ಞನಾಗಿದ್ದ ಫ್ರೀಡ್ರಿಕ್ ಮೆರ್ಕೆಲ್ ೧೮೭೫ರಲ್ಲಿ ಇವುಗಳನ್ನು ವರ್ಣಿಸಿ ‘ಸ್ಪರ್ಶಕೋಶ’ ಎಂಬರ್ಥದ ಜರ್ಮನ್ ಹೆಸರನ್ನು ಕೊಟ್ಟನು. ಈಗ ಅವು ಮೆರ್ಕೆಲ್ ಕೋಶಗಳೆಂದೇ ಪ್ರಸಿದ್ಧವಾಗಿವೆ. ಒಳಚರ್ಮದಲ್ಲಿ ರಕ್ತನಾಳಗಳ ಸುತ್ತ ಮಾಸ್ಟ್ ಕೋಶಗಳಿವೆ. ಇವುಗಳಲ್ಲಿ ಹಿಸ್ಟಮಿನ್ ಮತ್ತು ಹೆಪರಿನ್ ಎಂಬ ವಸ್ತುಗಳಿರುತ್ತವೆ.

‘ಹಾರ್ಮೋನು’ ಎಂಬ ಪದವನ್ನು ಇಂಗ್ಲೆಂಡಿನ ಶರೀರಕ್ರಿಯಾಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್ ೧೯೦೫ರಲ್ಲಿ ಬಳಕೆಗೆ ತಂದನು. ಅದರ ಮೂಲವಾದ ಗ್ರೀಕ್ ಧಾತುವಿಗೆ ‘ಚಲಿಸುವಂತೆ ಮಾಡು, ಪ್ರಚೋದಿಸು’ ಎಂದರ್ಥ. ರಕ್ತದ ಮೂಲಕ ದೂರದ ಅಂಗಕ್ಕೆ ಹೋಗಿ ಕೆಲಸಮಾಡುವ ವಸ್ತುವೇ ಕಟ್ಟುನಿಟ್ಟಾದ ಅರ್ಥದಲ್ಲಿ ಹಾರ್ಮೋನು. ಮಾಸ್ಟ್ ಕೋಶದ ಹಿಸ್ಟಮಿನ್ ಬಹುಮಟ್ಟಿಗೆ ಹತ್ತಿರದಲ್ಲಿಯೇ ಕೆಲಸಮಾಡುವುದರಿಂದ ಅದನ್ನು ಸ್ಥಾನಿಕ ಚೋದಕವೆನ್ನುವುದು ಸೂಕ್ತ. ಮೆರ್ಕೆಲ್ ಕೋಶಗಳಲ್ಲಾದರೋ ನರಕೋಶಗಳಲ್ಲಿಯೂ ನಿರ್ನಾಳ ಗ್ರಂಥಿಗಳಲ್ಲಿಯೂ ಕಂಡುಬರುವ ಪೆಪ್ಟೈಡುಗಳು ಮತ್ತು ಸೆರೊಟೊನಿನ್ ಪತ್ತೆಯಾಗಿವೆ. ಆದುದರಿಂದಲೇ ಅವುಗಳನ್ನು ನರ ಮತ್ತು ಅಂತಃಸ್ರಾವ ಎರಡರ ಲಕ್ಷಣವೂ ಉಳ್ಳ ಕೋಶಗಳ ವರ್ಗಕ್ಕೆ ಸೇರಿಸುತ್ತಾರೆ.

೩. ‘ಬಳಿಯುವುದು’ ಮತ್ತು ‘ಹಿಡಿಯುವುದು’

ಪರೀಕ್ಷೆಗೆಂದು ತೆಗೆದ ಚರ್ಮದ ತುಣುಕು ಕೆಡದಂತೆ ಅದನ್ನು ಮೊದಲು ಫಾರ್ಮಲಿನ್ ದ್ರಾವಣದಲ್ಲಿ ಇಡುತ್ತಾರೆ. ಬಳಿಕ ಆಲ್ಕೊಹಾಲಿನ ಮೂಲಕ ನೀರಿನ ಅಂಶವನ್ನು ತೆಗೆದು, ಕರಗಿದ ಪ್ಯಾರಾಫಿನ್ ಮೇಣವನ್ನು ಊಡಿಸಿ, ಗಟ್ಟಿಯಾಗಿ ಎರಕಹೊಯ್ಯುತ್ತಾರೆ. ಈ ಮೇಣದ ಗಟ್ಟಿಯಿಂದ ಸುಮಾರು ೩ರಿಂದ ೫ ಮೈಕ್ರೋಮೀಟರ್ ದಪ್ಪದ ಹಾಳೆಗಳನ್ನು ಕೊಯ್ದು ಗಾಜಿನ ಸ್ಲೈಡಿನ ಮೇಲೆ ಹರಡುತ್ತಾರೆ. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಮೇಣವನ್ನು ಕರಗಿಸಿ ತೆಗೆದ ಮೇಲೆ ಬಣ್ಣ ಹಿಡಿಸುವ ಕೆಲಸ ಮೊದಲಾಗುತ್ತದೆ.

ಎಲ್ಲ ಪ್ರಯೋಗಾಲಯಗಳಲ್ಲಿಯೂ ಮೊದಲು ಬಳಸುವುದು ಹೆಮಟಾಕ್ಸಿಲಿನ್ ಮತ್ತು ಇಯೊಸಿನ್ ಎಂಬ ಜೋಡಿ. ಹೆಮಟಾಕ್ಸಿಲಿನ್ ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ ಬರುತ್ತದೆ. ಅದರ ರಾಸಾಯನಿಕ ರಚನೆ ನಮ್ಮಲ್ಲಿ ಪತಂಗವೆಂದು ಕರೆಯುವ ಮರದ ಚೆಕ್ಕೆಯಲ್ಲಿರುವ ಕೆಂಪು ಬಣ್ಣದ ಮೂಲವಸ್ತುವಿಗೆ ತೀರ ಸಮೀಪವಾದುದು. ಬಟ್ಟೆಗೆ ಇಂಥ ಬಣ್ಣ ಕಟ್ಟುವಾಗ ಪಟಿಕವನ್ನು ಬೆರೆಸುವಂತೆಯೇ ಇಲ್ಲಿಯೂ ಪಟಿಕದ ಲವಣವೇ ಬಣ್ಣವನ್ನು ಅಂಗಾಂಶಕ್ಕೆ ಕಚ್ಚಿಸುತ್ತದೆ. ಇದರಿಂದ ಕೋಶಕೇಂದ್ರ ನೀಲಿಯಾಗುತ್ತದೆ. ಗ್ರೀಕರ ಉಷೋದೇವತೆಯ ಹೆಸರನ್ನು ಹೊತ್ತ ಇಯೊಸಿನ್ ಕೋಶದ್ರವ್ಯವನ್ನು ಗುಲಾಬಿಯಾಗಿಸುತ್ತದೆ.

ಇಲ್ಲಿ ಕನ್ನಡದ ಒಂದು ಪ್ರಯೋಗಭೇದ ಗಮನಾರ್ಹವಾಗಿದೆ. ಗೋಡೆಗೆ ಬಣ್ಣ ಬಳಿಯುತ್ತಾರೆ. ಬಾಗಿಲಿಗೆ ಬಣ್ಣ ಹಚ್ಚುತ್ತಾರೆ. ಬಟ್ಟೆಯ ಮಾತು ಬಂದಾಗ ‘ಈ ನೂಲು ಬಣ್ಣ ಹಿಡಿಯಿತು, ಆ ನೂಲು ಹಿಡಿಯಲಿಲ್ಲ’ ಎನ್ನುತ್ತಾರೆ. ಮೊದಲೆರಡು ವಾಕ್ಯಗಳಲ್ಲಿ ಕರ್ತೃ ಬಣ್ಣ ಹಾಕುವವನು. ಮೂರನೆಯದರಲ್ಲಿ ನೂಲೇ ಕರ್ತೃ. ನೂಲಿನ ಗುಣವೇ ಬಣ್ಣವನ್ನು ಸ್ವೀಕರಿಸಿತು ಅಥವಾ ನಿರಾಕರಿಸಿತು ಎಂಬ ಅರ್ಥ ಆ ವಾಕ್ಯರಚನೆಯಲ್ಲಿಯೇ ಅಡಗಿದೆ. ಅಂಗಾಂಶಶಾಸ್ತ್ರದ ತತ್ತ್ವವೂ ಇದೇ ಆಗಿದೆ. ಕೋಶದೊಳಗಿನ ಯಾವ ವಸ್ತು ಯಾವ ಬಣ್ಣದೊಡನೆ ಕೂಡುತ್ತದೆ ಎಂಬುದೇ ಅಲ್ಲಿ ಸಾಕ್ಷ್ಯ. ಹೀಗಿರುವಾಗ ಈ ಕ್ರಿಯೆಯನ್ನು ‘ವರ್ಣಲೇಪನ’ ಎಂದು ಅನುವಾದಿಸಿದರೆ ಮೇಲ್ಮೈಗೆ ಸವರಿದ ಭಾವ ಬಂದು ವಿಷಯದ ತಿರುಳೇ ತಪ್ಪಿಹೋಗುತ್ತದೆ. ‘ಬಣ್ಣ ಹಿಡಿಸುವಿಕೆ’ ಎಂಬುದು ನೇಕಾರರ ಬಳಿಯಿಂದ ಬಂದ ಪದವಾದರೂ ಶಾಸ್ತ್ರಕ್ಕೆ ಹೆಚ್ಚು ನಿಷ್ಠವಾಗಿದೆ.

೪. ಎರ್ಲಿಕ್‌ನ ಕಣಗಳು: ಹೆಸರಿನಲ್ಲಿ ಉಳಿದ ತಪ್ಪು

೧೮೫೬ರಲ್ಲಿ ವಿಲಿಯಂ ಪರ್ಕಿನ್ ಮೊದಲ ಕೃತಕ ಅನಿಲಿನ್ ಬಣ್ಣವನ್ನು ತಯಾರಿಸಿದ ಮೇಲೆ ಜರ್ಮನಿಯಲ್ಲಿ ಬಣ್ಣಗಳ ಉದ್ಯಮ ಬೆಳೆಯಿತು. ಪೌಲ್ ಎರ್ಲಿಕ್ ಎಂಬ ವೈದ್ಯಕೀಯ ವಿದ್ಯಾರ್ಥಿ ಆ ಬಣ್ಣಗಳನ್ನು ಅಂಗಾಂಶಗಳ ಮೇಲೆ ಪ್ರಯೋಗಿಸಿ, ೧೮೭೮ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯಕ್ಕೆ ಪ್ರಬಂಧವನ್ನು ಸಲ್ಲಿಸಿದನು. ಕಣಗಳಿಂದ ತುಂಬಿದ ಒಂದು ಬಗೆಯ ಕೋಶಗಳನ್ನು ಕಂಡು, ಅವು ಹೆಚ್ಚು ಆಹಾರ ಪಡೆದು ಪುಷ್ಟವಾದವು ಎಂದು ಊಹಿಸಿ, ಕೊಬ್ಬಿಸುವುದನ್ನು ಸೂಚಿಸುವ ಜರ್ಮನ್ ಪದದಿಂದ ಅವುಗಳಿಗೆ ಹೆಸರಿಟ್ಟನು. ಅದುವೇ ಮಾಸ್ಟ್ ಕೋಶ.

ಈ ಕೋಶಗಳನ್ನು ಇಂದಿಗೂ ಟೊಲ್ಯುಡೀನ್ ನೀಲಿಯಿಂದ ಗುರುತಿಸುತ್ತಾರೆ. ಬಣ್ಣವೇನೋ ನೀಲಿ. ಸುತ್ತಲಿನ ಅಂಗಾಂಶವೂ ನೀಲಿಯಾಗುತ್ತದೆ. ಮಾಸ್ಟ್ ಕೋಶದ ಕಣಗಳು ಮಾತ್ರ ನೇರಳೆಗೆಂಪಾಗಿ ತೋರುತ್ತವೆ. ಕಣಗಳಲ್ಲಿರುವ ಹೆಪರಿನ್‌ನ ಋಣವಿದ್ಯುದಂಶಗಳ ಸಾಲಿನ ಮೇಲೆ ಬಣ್ಣದ ಅಣುಗಳು ಒತ್ತೊತ್ತಾಗಿ ಕೂಡುವುದರಿಂದ ಅವು ಹೀರುವ ಬೆಳಕೇ ಬೇರೆಯಾಗುತ್ತದೆ. ಇದೇ ಈ ವರ್ಣಾಂತರಕ್ಕೆ ಕಾರಣ. ಅಲರ್ಜಿಯ ತುರಿಕೆ, ದದ್ದುಗಳಿಗೆ ಕಾರಣವಾದ ಹಿಸ್ಟಮಿನ್ ಇದೇ ಕೋಶಗಳಲ್ಲಿ ಸಂಗ್ರಹವಾಗಿರುತ್ತದೆಂಬುದನ್ನು ೧೯೫೩ರಲ್ಲಿ ರೈಲಿ ಮತ್ತು ವೆಸ್ಟ್ ತೋರಿಸಿಕೊಟ್ಟರು.

ಹೀಗೆ ಎರ್ಲಿಕ್‌ನ ಬಣ್ಣ ಸತ್ಯವನ್ನು ಹೇಳಿತು. ಅವನು ಮಾಡಿದ ಊಹೆ ನಿಲ್ಲಲಿಲ್ಲ. ಆದರೂ ಊಹೆಯಿಂದ ಹುಟ್ಟಿದ ಹೆಸರು ನಿಂತುಬಿಟ್ಟಿತು. ಕನ್ನಡದಲ್ಲಿ ಇದನ್ನು ‘ಪುಷ್ಟಕೋಶ’ ಎಂದು ಪದಶಃ ಅನುವಾದಿಸಿದರೆ, ಜರ್ಮನ್ ಬಲ್ಲದ ಜಗತ್ತಿಗೆ ಈಗ ಅರ್ಥಶೂನ್ಯವಾದ ಸಂಕೇತವಾಗಿ ಮಾತ್ರ ಉಳಿದಿರುವ ತಪ್ಪಿಗೆ ಹೊಸದಾಗಿ ಜೀವ ಬಂದಂತಾಗುತ್ತದೆ. ಅನುವಾದಕನು ಪದದ ಅರ್ಥವನ್ನಲ್ಲದೆ ಆ ಅರ್ಥ ಈಗಲೂ ನಿಜವೇ ಎಂಬುದನ್ನೂ ವಿಚಾರಿಸಬೇಕೆಂಬುದಕ್ಕೆ ಇದು ನಿದರ್ಶನ.

೫. ಕ್ರೋಮಿಯಂ ಮತ್ತು ಬೆಳ್ಳಿ

ಹಾರ್ಮೋನನ್ನೇ ನೇರವಾಗಿ ಬಣ್ಣದಿಂದ ತೋರಿಸುವ ಪ್ರಯತ್ನ ಅಡ್ರಿನಲ್ ಗ್ರಂಥಿಯಿಂದ ಮೊದಲಾಯಿತು. ಆ ಗ್ರಂಥಿಯ ಒಳಭಾಗ ಕ್ರೋಮಿಯಂ ಲವಣಗಳ ಸಂಪರ್ಕದಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆಂಬುದನ್ನು ಯಾಕೋಬ್ ಹೆನ್ಲೆ ೧೮೬೫ರಲ್ಲಿ ಗುರುತಿಸಿದನು. ಕೋಶಗಳಲ್ಲಿ ಕೂಡಿಟ್ಟ ಅಡ್ರಿನಲಿನ್ ವರ್ಗದ ವಸ್ತುಗಳು ಉತ್ಕರ್ಷಣಗೊಳ್ಳುವುದೇ ಇದಕ್ಕೆ ಕಾರಣವೆಂದು ಮುಂದೆ ತಿಳಿಯಿತು.

ಎರಡನೆಯ ಮಾರ್ಗ ಬೆಳ್ಳಿಯದು. ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿದಾಗ ಕೆಲವು ಕೋಶಗಳು ತಮ್ಮ ಸ್ವಂತ ಬಲದಿಂದಲೇ ಬೆಳ್ಳಿಯನ್ನು ಲೋಹರೂಪಕ್ಕೆ ಇಳಿಸಿ ಕಪ್ಪಾಗುತ್ತವೆ. ಕರುಳಿನ ಒಳಪದರದ ಸೆರೊಟೊನಿನ್ ಕೋಶಗಳು ಈ ಬಗೆಯವು. ಪಿಯೆರ್ ಮಾಸೋನ್ ೧೯೧೪ರ ವೇಳೆಗೆ ಇವುಗಳ ಅಧ್ಯಯನ ನಡೆಸಿದನು. ಇನ್ನು ಕೆಲವು ಕೋಶಗಳು ಬೆಳ್ಳಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಆದರೆ ಅದನ್ನು ಲೋಹವಾಗಿಸಲು ಹೊರಗಿನಿಂದ ಬೇರೊಂದು ರಾಸಾಯನಿಕವನ್ನು ಸೇರಿಸಬೇಕು. ಸ್ವೀಡನ್ನಿನ ಗ್ರಿಮೆಲಿಯಸ್ ೧೯೬೮ರಲ್ಲಿ ಪ್ರಕಟಿಸಿದ ವಿಧಾನ ಈ ಎರಡನೆಯ ವರ್ಗಕ್ಕೆ ಸಂಬಂಧಿಸಿದುದು.

ಇಂಗ್ಲಿಷಿನಲ್ಲಿ ಇವಕ್ಕೆ ಕ್ರಮವಾಗಿ ‘ಆರ್ಜೆಂಟಾಫಿನ್’ ಮತ್ತು ‘ಆರ್ಜಿರೋಫಿಲ್’ ಎಂಬ ಹೆಸರುಗಳಿವೆ. ಒಂದು ಲ್ಯಾಟಿನ್ನಿನ ಬೆಳ್ಳಿಯಿಂದ, ಇನ್ನೊಂದು ಗ್ರೀಕಿನ ಬೆಳ್ಳಿಯಿಂದ ಹುಟ್ಟಿದುದು. ಪದಗಳ ಒಳಗಿನ ಅರ್ಥ ಹೆಚ್ಚುಕಡಮೆ ಒಂದೇ ಆದುದರಿಂದ, ಎರಡನ್ನೂ ‘ರಜತಪ್ರಿಯ’ ಎಂದು ಅನುವಾದಿಸಲು ಅಡ್ಡಿಯಿಲ್ಲವೆಂದು ತೋರಬಹುದು. ಹಾಗೆ ಮಾಡಿದರೆ ಎರಡರ ನಡುವಣ ರಾಸಾಯನಿಕ ಭೇದವೇ ಅಳಿಸಿಹೋಗುತ್ತದೆ. ಮೊದಲನೆಯದನ್ನು ‘ಬೆಳ್ಳಿ ಇಳಿಸುವ ಕೋಶ’ ಎಂದೂ ಎರಡನೆಯದನ್ನು ‘ಬೆಳ್ಳಿ ಹಿಡಿಯುವ ಕೋಶ’ ಎಂದೂ ಕರೆದರೆ ಕನ್ನಡದ ಎರಡು ಸಾಮಾನ್ಯ ಕ್ರಿಯಾಪದಗಳು ಮೂಲಪದಗಳಿಗಿಂತ ಸ್ಪಷ್ಟವಾಗಿ ವಿಷಯವನ್ನು ತಿಳಿಸುತ್ತವೆ.

ಚರ್ಮದಲ್ಲಿ ಬೆಳ್ಳಿಯ ಮಾರ್ಗಕ್ಕೆ ಒಂದು ದೊಡ್ಡ ಅಡಚಣೆಯಿದೆ. ಚರ್ಮಕ್ಕೆ ಕಪ್ಪುಬಣ್ಣವನ್ನು ಕೊಡುವ ಮೆಲನಿನ್ ಕೂಡ ಬೆಳ್ಳಿಯನ್ನು ಇಳಿಸುತ್ತದೆ. ಮೆಲನಿನ್ ಹೆಚ್ಚಾಗಿ ಇರುವುದು ಹೊರಚರ್ಮದ ತಳಪದರದಲ್ಲಿ. ಮೆರ್ಕೆಲ್ ಕೋಶಗಳ ಸ್ಥಾನವೂ ಅದೇ. ಭಾರತೀಯರ ಚರ್ಮದಲ್ಲಿ ಮೆಲನಿನ್ ಧಾರಾಳವಾಗಿರುವುದರಿಂದ ಕಪ್ಪಾಗಿ ಕಂಡ ಕಣವೆಲ್ಲ ಹಾರ್ಮೋನಿನ ಕಣವೆಂದು ಹೇಳುವಂತಿಲ್ಲ. ಮೇಲಾಗಿ ಮೆರ್ಕೆಲ್ ಕೋಶದ ಕಣಗಳು ತೀರ ಸಣ್ಣವು. ಅವುಗಳಿಂದ ಹುಟ್ಟಿದವೆಂದು ತಿಳಿಯಲಾದ ಗಡ್ಡೆಗಳಲ್ಲಿಯೂ ಗ್ರಿಮೆಲಿಯಸ್ ವಿಧಾನ ಒಮ್ಮೆ ಫಲ ಕೊಟ್ಟರೆ ಇನ್ನೊಮ್ಮೆ ಕೊಡುವುದಿಲ್ಲ.

೬. ಪ್ರತಿಕಾಯಗಳ ಮೂಲಕ ಗುರುತಿಸುವಿಕೆ

೧೯೬೦ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಈ ತೊಡಕನ್ನು ಬಿಡಿಸತೊಡಗಿತು. ಮೆರ್ಕೆಲ್ ಕೋಶದಲ್ಲಿ ಸುಮಾರು ೮೦ರಿಂದ ೧೨೦ ನ್ಯಾನೋಮೀಟರ್ ವ್ಯಾಸದ, ನಡುವೆ ದಟ್ಟವಾದ ತಿರುಳುಳ್ಳ, ಪೊರೆಯಿಂದ ಆವೃತವಾದ ಕಣಗಳು ಕಂಡುಬಂದವು. ಅವು ನರದ ತುದಿಯ ಕಡೆಗೇ ಹೆಚ್ಚಾಗಿ ನೆರೆದಿದ್ದವು. ಅಡ್ರಿನಲ್ ಮೊದಲಾದ ಗ್ರಂಥಿಗಳಲ್ಲಿ ಹಾರ್ಮೋನು ಸಂಗ್ರಹವಾಗುವ ಕಣಗಳಿಗೂ ಇವಕ್ಕೂ ಹೋಲಿಕೆ ಎದ್ದು ಕಾಣುತ್ತಿತ್ತು.

ದಿನನಿತ್ಯದ ಪರೀಕ್ಷೆಗೆ ಒದಗಿದುದು ಪ್ರತಿಕಾಯಗಳನ್ನು ಬಳಸುವ ವಿಧಾನ. ೧೯೪೧ರಲ್ಲಿ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು ಹೊಳೆಯುವ ಬಣ್ಣವನ್ನು ಪ್ರತಿಕಾಯಕ್ಕೆ ಜೋಡಿಸಿದರು. ೧೯೬೦ರ ದಶಕದಲ್ಲಿ ಬಣ್ಣದ ಬದಲು ಕಿಣ್ವವನ್ನು ಜೋಡಿಸುವ ಕ್ರಮ ಬಂದಿತು. ೧೯೭೫ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ಮಾರ್ಗವನ್ನು ಕಂಡುಹಿಡಿದ ಮೇಲೆ ಈ ವಿಧಾನ ಎಲ್ಲೆಡೆ ಹರಡಿತು. ಇದರ ತತ್ತ್ವ ಸರಳ. ಹುಡುಕಬೇಕಾದ ವಸ್ತುವಿಗೆ ಮಾತ್ರ ಅಂಟುವ ಪ್ರತಿಕಾಯವನ್ನು ಸ್ಲೈಡಿನ ಮೇಲೆ ಹಾಕಿ, ಅಂಟದೆ ಉಳಿದುದನ್ನು ತೊಳೆದು, ಅಂಟಿದ ಸ್ಥಳದಲ್ಲಿ ಕಿಣ್ವದ ಕ್ರಿಯೆಯಿಂದ ಬಣ್ಣ ಬರುವಂತೆ ಮಾಡುತ್ತಾರೆ.

ಮೆರ್ಕೆಲ್ ಕೋಶಕ್ಕೆ ಮುಖ್ಯವಾದ ಗುರುತುಗಳು ಮೂರು. ಮೊದಲನೆಯದು ಕ್ರೋಮೋಗ್ರಾನಿನ್. ಇದು ಹಾರ್ಮೋನು ಕಣಗಳ ಒಳಗಿರುವ, ಮೊದಲು ಅಡ್ರಿನಲ್ ಗ್ರಂಥಿಯಲ್ಲಿ ಗುರುತಿಸಲಾದ ಪ್ರೋಟೀನು. ಎರಡನೆಯದು ನರಸಂಧಿಗಳ ಸೂಕ್ಷ್ಮ ಚೀಲಗಳ ಪೊರೆಯಲ್ಲಿರುವ ಸಿನಾಪ್ಟೊಫೈಸಿನ್. ಮೂರನೆಯದು ಸೈಟೊಕೆರಟಿನ್ ೨೦ ಎಂಬ ಎಳೆಪ್ರೋಟೀನು. ಹೊರಚರ್ಮದಲ್ಲಿ ಇದನ್ನು ಹೊಂದಿರುವ ಕೋಶ ಮೆರ್ಕೆಲ್ ಕೋಶವೇ. ಆದುದರಿಂದ ಇದರ ಬೆಲೆ ಹೆಚ್ಚು.

ಇಲ್ಲಿಯೂ ಎಚ್ಚರ ಬೇಕು. ಕಿಣ್ವದ ಕ್ರಿಯೆಯಿಂದ ಸಾಮಾನ್ಯವಾಗಿ ಬರುವ ಬಣ್ಣ ಕಂದು. ಮೆಲನಿನ್ನಿನ ಬಣ್ಣವೂ ಕಂದು. ಕಪ್ಪುಚರ್ಮದ ತುಣುಕಿನಲ್ಲಿ ಒಂದನ್ನು ಇನ್ನೊಂದೆಂದು ಭ್ರಮಿಸುವ ಸಂಭವವಿದೆ. ಇದನ್ನು ತಪ್ಪಿಸಲು ಕೆಂಪು ಬಣ್ಣ ಕೊಡುವ ವಸ್ತುವನ್ನು ಬಳಸುತ್ತಾರೆ. ಅಲ್ಲದೆ ಪ್ರತಿ ಪರೀಕ್ಷೆಯ ಜೊತೆಯಲ್ಲಿ, ಖಂಡಿತವಾಗಿ ಬಣ್ಣ ಹಿಡಿಯಬೇಕಾದ ಒಂದು ಅಂಗಾಂಶವನ್ನೂ ಪ್ರತಿಕಾಯವಿಲ್ಲದೆ ನಡೆಸಿದ ಇನ್ನೊಂದು ಸ್ಲೈಡನ್ನೂ ಇಟ್ಟು ಹೋಲಿಸುತ್ತಾರೆ. ಹಸ್ತಪ್ರತಿಯ ಪಾಠವನ್ನು ಬೇರೆ ಪ್ರತಿಗಳೊಡನೆ ಹೋಲಿಸದೆ ಅಂಗೀಕರಿಸಬಾರದೆಂಬ ಗ್ರಂಥಸಂಪಾದನೆಯ ನಿಯಮವನ್ನು ಬಲ್ಲವರಿಗೆ ಈ ಶಿಸ್ತು ಅಪರಿಚಿತವೆನಿಸದು.

೭. ಸರಕು ಮತ್ತು ಕುಲ

ಬಣ್ಣ ಕೋಶದೊಳಗಿನ ಸರಕನ್ನು ಹೇಳುತ್ತದೆ. ಕೋಶದ ಕುಲವನ್ನೂ ಹೇಳುತ್ತದೆಯೇ? ಈ ಪ್ರಶ್ನೆ ದೀರ್ಘ ಚರ್ಚೆಗೆ ಕಾರಣವಾಯಿತು. ದೇಹದಲ್ಲಿ ಅಲ್ಲಲ್ಲಿ ಚದುರಿರುವ, ಒಂದೇ ಬಗೆಯ ರಾಸಾಯನಿಕ ಲಕ್ಷಣಗಳುಳ್ಳ ಹಾರ್ಮೋನು ಕೋಶಗಳನ್ನೆಲ್ಲ ಬ್ರಿಟನ್ನಿನ ಎ. ಜಿ. ಇ. ಪಿಯರ್ಸ್ ೧೯೬೦ರ ದಶಕದಲ್ಲಿ ಒಂದು ಕುಟುಂಬವಾಗಿ ವರ್ಗೀಕರಿಸಿದನು. ಅವೆಲ್ಲವೂ ಭ್ರೂಣದ ನರಮೂಲದಿಂದಲೇ ಬಂದಿರಬೇಕೆಂಬ ವಾದವೂ ಇದಕ್ಕೆ ಸೇರಿಕೊಂಡಿತು. ಮುಂದಿನ ಪ್ರಯೋಗಗಳಲ್ಲಿ ಕರುಳಿನ ಹಾರ್ಮೋನು ಕೋಶಗಳು ಕರುಳಿನ ಪದರದಿಂದಲೇ ಹುಟ್ಟುತ್ತವೆಂದು ಸಿದ್ಧವಾಯಿತು. ಮೆರ್ಕೆಲ್ ಕೋಶಗಳ ವಿಷಯದಲ್ಲಿ ಹಕ್ಕಿಗಳ ಭ್ರೂಣಗಳ ಮೇಲಿನ ಅಧ್ಯಯನ ನರಮೂಲವನ್ನು ಸೂಚಿಸಿತು. ಆದರೆ ೨೦೦೯ರಲ್ಲಿ ಇಲಿಗಳ ಮೇಲೆ ನಡೆದ ತಳಿಶಾಸ್ತ್ರೀಯ ಪ್ರಯೋಗಗಳು, ಸಸ್ತನಿಗಳಲ್ಲಿ ಅವು ಹೊರಚರ್ಮದ ಕೋಶಗಳಿಂದಲೇ ರೂಪುಗೊಳ್ಳುತ್ತವೆಂದು ತೋರಿಸಿದವು.

ಎರಡು ಕೋಶಗಳು ಒಂದೇ ಬಣ್ಣ ಹಿಡಿದ ಮಾತ್ರಕ್ಕೆ ಅವು ಒಂದೇ ಮೂಲದವು ಎನ್ನಲಾಗದು ಎಂಬುದು ಈ ಚರಿತ್ರೆಯ ಪಾಠ. ಎರಡು ಭಾಷೆಗಳಲ್ಲಿ ಸಮಾನ ಪದಗಳಿದ್ದ ಮಾತ್ರಕ್ಕೆ ಅವು ಸೋದರ ಭಾಷೆಗಳೆಂದು ಹೇಳಲಾಗದಷ್ಟೆ. ಎರವಲಿನಿಂದಲೂ ಸಾಮ್ಯ ಬರಬಹುದು. ಹೀಗಾಗಿ ‘ನರ-ಅಂತಃಸ್ರಾವಕ ಕೋಶ’ ಎಂಬ ಪದವನ್ನು ಬಳಸುವಾಗ ಅದು ಲಕ್ಷಣವನ್ನು ಹೇಳುವ ಪದವೇ ಹೊರತು ಹುಟ್ಟನ್ನು ಹೇಳುವ ಪದವಲ್ಲವೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕು.

ಮೆರ್ಕೆಲ್ ಕೊಟ್ಟ ಹೆಸರಿನ ಕಥೆ ಬೇರೆ ರೀತಿಯದು. ಅವನು ‘ಸ್ಪರ್ಶಕೋಶ’ ಎಂದದ್ದು ಆಗ ಒಂದು ಅನುಮಾನ ಮಾತ್ರ. ಈ ಕೋಶಗಳು ತಾವೇ ಒತ್ತಡವನ್ನು ಗ್ರಹಿಸುತ್ತವೆಂಬುದು, ಅದಕ್ಕೆ ಪೀಜೋ ೨ ಎಂಬ ಪ್ರೋಟೀನು ಸಾಧನವಾಗಿದೆಯೆಂಬುದು ೨೦೧೪ರಲ್ಲಿ ಸ್ಥಿರಪಟ್ಟಿತು. ಈ ವರ್ಗದ ಪ್ರೋಟೀನುಗಳನ್ನು ಪತ್ತೆಮಾಡಿದ ಆರ್ಡೆಮ್ ಪಟಪೂಟಿಯನ್ ೨೦೨೧ರ ನೊಬೆಲ್ ಪ್ರಶಸ್ತಿಯನ್ನು ಡೇವಿಡ್ ಜೂಲಿಯಸ್ ಅವರೊಡನೆ ಹಂಚಿಕೊಂಡರು. ಎರ್ಲಿಕ್‌ನ ಹೆಸರು ಸುಳ್ಳಾಗಿ ಉಳಿದರೆ, ಮೆರ್ಕೆಲ್‌ನ ಹೆಸರು ೧೩೯ ವರ್ಷಗಳ ಬಳಿಕ ನಿಜವಾಯಿತು.

೮. ರೋಗನಿರ್ಣಯ: ಸ್ಲೈಡಿನ ಪಯಣ ಮತ್ತು ಮಾತಿನ ಕೊರತೆ

೧೯೭೨ರಲ್ಲಿ ಸಿರಿಲ್ ಟೋಕರ್ ಐವರು ರೋಗಿಗಳಲ್ಲಿ ಕಂಡ ಒಂದು ವಿಲಕ್ಷಣ ಚರ್ಮದ ಕ್ಯಾನ್ಸರನ್ನು ವರ್ಣಿಸಿ, ಅದು ಬೆವರಿನ ಗ್ರಂಥಿಯಿಂದ ಹುಟ್ಟಿರಬಹುದೆಂದು ಭಾವಿಸಿದನು. ೧೯೭೮ರಲ್ಲಿ ಟ್ಯಾಂಗ್ ಮತ್ತು ಟೋಕರ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವೇ ಗಡ್ಡೆಗಳ ಕೋಶಗಳಲ್ಲಿ ದಟ್ಟ ತಿರುಳಿನ ಕಣಗಳನ್ನು ಕಂಡರು. ಅಲ್ಲಿಂದ ಮುಂದೆ ಅದಕ್ಕೆ ಮೆರ್ಕೆಲ್ ಕೋಶದ ಕ್ಯಾನ್ಸರ್ ಎಂಬ ಹೆಸರು ರೂಢಿಯಾಯಿತು. ೨೦೦೮ರಲ್ಲಿ ಈ ಗಡ್ಡೆಗಳಲ್ಲಿ ಒಂದು ಹೊಸ ವೈರಸ್ ಪತ್ತೆಯಾಯಿತು. ಈ ಗಡ್ಡೆ ಸಾಮಾನ್ಯ ಮೆರ್ಕೆಲ್ ಕೋಶದಿಂದಲೇ ಹುಟ್ಟುತ್ತದೆಯೇ ಎಂಬ ಪ್ರಶ್ನೆ ಇನ್ನೂ ಚರ್ಚೆಯಲ್ಲಿದೆ. ಹೆಸರು ಇಲ್ಲಿಯೂ ಸಾಕ್ಷ್ಯಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿರುವಂತಿದೆ.

ಈ ರೋಗ ವಿರಳವಾದರೂ ಉಗ್ರವಾದುದು. ವಯಸ್ಸಾದವರ ಮುಖ, ಕತ್ತಿನಂಥ ಬಿಸಿಲು ಬೀಳುವ ಭಾಗಗಳಲ್ಲಿ ನೋವಿಲ್ಲದ, ಬೇಗ ಬೆಳೆಯುವ ಗಂಟಾಗಿ ಕಾಣಿಸಿಕೊಳ್ಳುತ್ತದೆ. ಬಿಳಿಯ ಚರ್ಮದವರಲ್ಲಿ ಹೆಚ್ಚು. ಸಾಮಾನ್ಯ ಬಣ್ಣದಲ್ಲಿ ನೋಡಿದಾಗ ಕಾಣುವುದು ಒತ್ತೊತ್ತಾದ ಸಣ್ಣ ದುಂಡು ನೀಲಿ ಕೋಶಗಳು ಮಾತ್ರ. ಶ್ವಾಸಕೋಶದಿಂದ ಚರ್ಮಕ್ಕೆ ಹರಡಿದ ಸಣ್ಣಕೋಶದ ಕ್ಯಾನ್ಸರ್, ದುಗ್ಧಕೋಶಗಳ ಕ್ಯಾನ್ಸರ್ ಮತ್ತು ಮೆಲನೋಮದ ಕೆಲವು ರೂಪಗಳು ಕೂಡ ಹೀಗೆಯೇ ಕಾಣಬಹುದು. ಚಿಕಿತ್ಸೆಯಾದರೋ ಒಂದೊಂದಕ್ಕೂ ಬೇರೆ. ಸೈಟೊಕೆರಟಿನ್ ೨೦ ಕೋಶಕೇಂದ್ರದ ಪಕ್ಕದಲ್ಲಿ ಚುಕ್ಕೆಯಂತೆ ಬಣ್ಣ ಹಿಡಿದು, ಶ್ವಾಸಕೋಶದ ಗುರುತಾದ ಟಿಟಿಎಫ್-೧ ಬಣ್ಣ ಹಿಡಿಯದಿದ್ದರೆ, ಮೆರ್ಕೆಲ್ ಕೋಶದ ಕ್ಯಾನ್ಸರ್ ಎಂಬ ನಿರ್ಣಯಕ್ಕೆ ಬಲ ಬರುತ್ತದೆ. ಸಿಡಿ ೪೫ ಹಿಡಿದರೆ ದುಗ್ಧಕೋಶಗಳ ಕಡೆಗೂ, ಎಸ್-೧೦೦ ಮತ್ತು ಎಚ್‌ಎಂಬಿ-೪೫ ಹಿಡಿದರೆ ಮೆಲನೋಮದ ಕಡೆಗೂ ಮನಸ್ಸು ಹೊರಳಬೇಕಾಗುತ್ತದೆ. ಯಾವ ಒಂದು ಬಣ್ಣವೂ ಒಂಟಿಯಾಗಿ ತೀರ್ಪು ಕೊಡುವುದಿಲ್ಲ. ಹಿಡಿದುದರಷ್ಟೇ ಹಿಡಿಯದಿರುವುದೂ ಇಲ್ಲಿ ಸಾಕ್ಷ್ಯವಾಗುತ್ತದೆ.

ಪ್ರತಿಕಾಯಗಳ ಪೂರ್ಣ ಸರಣಿ ಎಲ್ಲ ಊರುಗಳಲ್ಲಿ ಲಭ್ಯವಿರುವುದಿಲ್ಲ. ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ತೆಗೆದ ಚರ್ಮದ ತುಣುಕು ಮೇಣದ ಗಟ್ಟಿಯಾಗಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಯಂಥ ಕಡೆಗೆ ಹೋಗಬಹುದು. ಖಾಸಗಿ ಪ್ರಯೋಗಾಲಯಗಳ ಜಾಲದ ಮೂಲಕ ರಾಜಧಾನಿ ದೆಹಲಿಯ ನೆರೆಯ ಗುರುಗ್ರಾಮಕ್ಕೂ ಹೋಗಬಹುದು. ೨೦೧೬ರವರೆಗೆ ಗುಡಗಾಂವ್ ಎಂದು ಕರೆಯಲಾಗುತ್ತಿದ್ದ ಈ ಹರಿಯಾಣದ ನಗರದಲ್ಲಿ ದೊಡ್ಡ ಆಸ್ಪತ್ರೆಗಳೂ ದೂರದ ಊರುಗಳಿಂದ ಮಾದರಿಗಳನ್ನು ಪಡೆಯುವ ಪ್ರಯೋಗಾಲಯಗಳೂ ನೆಲೆಗೊಂಡಿವೆ. ಅದೇ ಜಿಲ್ಲೆಯ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಂಥ ಸಂಸ್ಥೆಗಳ ನರಕೋಶ ಸಂಶೋಧನೆಗೂ ಪ್ರತಿಕಾಯಗಳಿಂದ ಬಣ್ಣ ಹಿಡಿಸುವ ಈ ವಿಧಾನವೇ ದಿನಬಳಕೆಯ ಸಾಧನ. ಉದ್ಯೋಗನಿಮಿತ್ತ ಗುರುಗ್ರಾಮದಲ್ಲಿ ನೆಲೆಸಿದ ಕನ್ನಡ ಕುಟುಂಬಗಳೂ ಇವೆ. ಮಕ್ಕಳ ಮನೆಗೆ ಬಂದ ವೃದ್ಧ ತಂದೆತಾಯಿಗಳಿಗೆ ಅಲ್ಲಿ ಚಿಕಿತ್ಸೆ ನಡೆದಾಗ ವರದಿ ಇಂಗ್ಲಿಷಿನಲ್ಲಿರುತ್ತದೆ, ವಿವರಣೆ ಹಿಂದಿಯಲ್ಲಿರುತ್ತದೆ. ಯಾರ ದೇಹದ ವಿಷಯವೋ ಅವರಿಗೆ ಎರಡೂ ದೂರ.

ಗುರುಗ್ರಾಮದಲ್ಲಿ ಮಾತ್ರ ಹೀಗೆಂದು ತಿಳಿಯಬೇಕಾಗಿಲ್ಲ. ಕರ್ನಾಟಕದ ಒಳಗೂ ವರದಿಯ ಭಾಷೆ ಇಂಗ್ಲಿಷೇ. ‘ಕ್ರೋಮೋಗ್ರಾನಿನ್ ಪಾಸಿಟಿವ್’ ಎಂಬ ಮಾತನ್ನು ಕೇಳಿದ ಮನೆಯವರಲ್ಲಿ ಒಬ್ಬರು ಅದನ್ನು ಒಳ್ಳೆಯ ಸುದ್ದಿಯೆಂದೂ ಇನ್ನೊಬ್ಬರು, ೨೦೨೦ರ ಕೋವಿಡ್ ದಿನಗಳ ನೆನಪಿನಿಂದ, ಕೆಟ್ಟ ಸುದ್ದಿಯೆಂದೂ ತಿಳಿಯಬಹುದು. ವಾಸ್ತವವಾಗಿ ಅದು ಎರಡೂ ಅಲ್ಲ. ‘ಧನಾತ್ಮಕ’ ಎಂಬ ಅನುವಾದದಿಂದ ಗೊಂದಲ ಹೆಚ್ಚುತ್ತದೆಯೇ ಹೊರತು ಕಡಮೆಯಾಗುವುದಿಲ್ಲ. ‘ಈ ಗುರುತಿಗೆ ಬಣ್ಣ ಹಿಡಿದಿದೆ, ಆ ಗುರುತಿಗೆ ಹಿಡಿದಿಲ್ಲ. ಎರಡನ್ನೂ ಸೇರಿಸಿ ನೋಡಿದರೆ ಗಡ್ಡೆ ಇಂಥ ಬಗೆಯದು’ ಎಂದು ಹೇಳಿದರೆ ಅಕ್ಷರ ಬಾರದವರಿಗೂ ವಿಷಯ ತಿಳಿಯುತ್ತದೆ.

೯. ಕನ್ನಡದ ದಾರಿ

ವೈದ್ಯವನ್ನು ಕನ್ನಡದಲ್ಲಿ ಬರೆಯಬಹುದೇ ಎಂಬ ಸಂದೇಹಕ್ಕೆ ಉತ್ತರ ಹಳೆಯದು. ೧೨ನೆಯ ಶತಮಾನದಲ್ಲಿ ಕೀರ್ತಿವರ್ಮನು ‘ಗೋವೈದ್ಯ’ವನ್ನೂ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನೂ ಬರೆದರು. ೧೪ನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು. ಆಧುನಿಕ ಕಾಲದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ೧೯೧೮ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿ ಹೊಸ ಪರಿಭಾಷೆಗೆ ತಳಹದಿ ಹಾಕಿದರು. ಡಿ. ಎಸ್. ಶಿವಪ್ಪನವರು ವೈದ್ಯಪದಗಳ ಹುಟ್ಟು ಮತ್ತು ರಚನೆಯನ್ನೇ ವಸ್ತುವಾಗಿಸಿಕೊಂಡು ಕೆಲಸಮಾಡಿದರು. ಇವರ ಸಾಲಿನಲ್ಲಿ ಮುಂದುವರಿಯಲು ಬೇಕಾದ ಕೆಲವು ಸೂತ್ರಗಳನ್ನು ಮೇಲಿನ ವಿವೇಚನೆಯಿಂದ ಹೀಗೆ ಸಂಗ್ರಹಿಸಬಹುದು.

ಮೊದಲನೆಯದಾಗಿ, ವ್ಯಕ್ತಿನಾಮದಿಂದ ಬಂದ ಪದಗಳನ್ನೂ, ಮೂಲಾರ್ಥ ಈಗ ಸುಳ್ಳಾಗಿರುವ ಪದಗಳನ್ನೂ ಅನುವಾದಿಸದೆ ಹಾಗೆಯೇ ಉಳಿಸಿಕೊಳ್ಳಬೇಕು. ಮೆರ್ಕೆಲ್ ಕೋಶ, ಮಾಸ್ಟ್ ಕೋಶ ಎಂಬುವು ಇದಕ್ಕೆ ಉದಾಹರಣೆ. ಎರಡನೆಯದಾಗಿ, ಕ್ರಿಯೆಯನ್ನು ಹೇಳುವ ಪದಗಳಿಗೆ ಆ ಕ್ರಿಯೆಯನ್ನು ಬಲ್ಲ ಕಸುಬುಗಳ ಕನ್ನಡವನ್ನು ಮೊದಲು ಹುಡುಕಬೇಕು. ಬಣ್ಣ ಹಿಡಿಸು, ಕಚ್ಚಿಸು, ಊಡಿಸು, ತೊಳೆ ಎಂಬ ಪದಗಳು ಸಿದ್ಧವಾಗಿಯೇ ಇವೆ. ಮೂರನೆಯದಾಗಿ, ಮೂಲದಲ್ಲಿ ಎರಡಾಗಿರುವ ಪರಿಕಲ್ಪನೆಗಳು ಕನ್ನಡದಲ್ಲಿ ಒಂದಾಗಬಾರದು. ನಾಲ್ಕನೆಯದಾಗಿ, ಹಾರ್ಮೋನಿನಂತೆ ಜನರ ಬಾಯಲ್ಲಿ ನಿಂತಿರುವ ಪದವನ್ನು ಕಿತ್ತುಹಾಕಬೇಕಾಗಿಲ್ಲ. ‘ಚೋದಕ’ ಎಂಬುದನ್ನು ಅದರ ವಿವರಣೆಗೆ ಇಟ್ಟುಕೊಳ್ಳಬಹುದು.

ಈ ಕೆಲಸವನ್ನು ವೈದ್ಯರೊಬ್ಬರೇ ಮಾಡಲಾರರು, ಕನ್ನಡ ವಿಭಾಗಗಳೊಂದೇ ಮಾಡಲಾರವು. ಸ್ಲೈಡನ್ನು ನೋಡಬಲ್ಲವರು ಮತ್ತು ಪದವನ್ನು ತೂಗಬಲ್ಲವರು ಒಂದೆಡೆ ಕುಳಿತು, ಕನಿಷ್ಠಪಕ್ಷ ಸಾಮಾನ್ಯವಾದ ಬಯಾಪ್ಸಿ ವರದಿಗಳ ಮಾತುಗಳಿಗಾದರೂ ಕನ್ನಡದ ಒಂದು ಮಾದರಿಯನ್ನು ಸಿದ್ಧಪಡಿಸಬೇಕು. ಸ್ನಾತಕೋತ್ತರ ತರಗತಿಗಳ ಭಾಷಾಂತರ ಪತ್ರಿಕೆಯಲ್ಲಿ ಇಂಥ ವರದಿಯೊಂದನ್ನು ಅಭ್ಯಾಸಕ್ಕಾಗಿ ಇಡುವುದು ಒಳ್ಳೆಯ ಆರಂಭವಾದೀತು. ಬಣ್ಣ ಹಿಡಿದ ಕೋಶವನ್ನು ಇನ್ನೊಂದು ಬಣ್ಣದಿಂದ ಪರೀಕ್ಷಿಸದೆ ನಂಬದ ಶಾಸ್ತ್ರದಿಂದ, ಪದವನ್ನು ಅದರ ಬಳಕೆಯಿಂದ ಪರೀಕ್ಷಿಸದೆ ಅಂಗೀಕರಿಸಬಾರದೆಂಬ ಶಿಸ್ತನ್ನು ಭಾಷಾವಿದ್ಯಾರ್ಥಿಗಳು ಪಡೆಯುವುದಾದರೆ, ಅದರಿಂದ ಕನ್ನಡಕ್ಕೂ ರೋಗಿಗೂ ಪ್ರಯೋಜನವಿದೆ.